ಸರ್ವಮಂಗಳಮ್ಮನ ಕಂಪ್ಯೂಟರಿಗೆ ಭೃಂಗಿ ಮಾಡಿದ ರಿಪೇರಿ

ತಿಪಟೂರಿನ ಹಳೇಪೇಟೆಯಲ್ಲಿ ಸರ್ವಮಂಗಳಮ್ಮ ಅಂತ ಒಬ್ಬ ತಾಯಿ, ಭೃಂಗೀಶ ಅಂತ ಅವರಿಗೊಬ್ಬ ಮಗ. ತಾಯಿ ಆ ಕಾಲಕ್ಕೇ ಫಿಸಿಕ್ಸ್ ತೆಗೆದುಕೊಂಡು ಬಿ.ಎಸ್ಸಿ. ಪಾಸು ಮಾಡಿದವರು. ಮನೆಯಲ್ಲಿ ಒಂದು ಬಲ್ಬು ಬದಲಾಯಿಸಿದರೂ ಅದರ ಡಬ್ಬದ ಮೇಲೆ ತಾರೀಕು ಬರೆದಿಡುವವರು. ಇನ್ನು ಮಗ? ಮಗ ತಾಯಿಯ ಮಾತು ಮೀರುವವನಲ್ಲ. ಕಷ್ಟ ಇದ್ದದ್ದೇ ಅಲ್ಲಿ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ. ಆದರೆ ಇವತ್ತು ಹೇಳಿದ್ದನ್ನು ನಾಳೆ ಮಾಡುತ್ತಿದ್ದ, ಇದಕ್ಕೆ ಹೇಳಿದ್ದನ್ನು ಅದಕ್ಕೆ ಮಾಡುತ್ತಿದ್ದ.

"ನಿನಗೆ ಬುದ್ಧಿ ಹೇಳಿ ಹೇಳಿ ನನ್ನ ಬುದ್ಧಿಯೇ ಸವೆದುಹೋಯಿತಲ್ಲೋ ಭೃಂಗಿ!" ಅಂತ ತಾಯಿ ತಲೆ ಚಚ್ಚಿಕೊಂಡರೆ, ಮಗ ಕೈಕಟ್ಟಿ ನಿಂತು, "ಹೂಂ ಕಣಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ" ಅನ್ನುತ್ತಿದ್ದ.

ಇಂಥ ಮನೆಯಲ್ಲಿ ಒಂದು ಕಂಪ್ಯೂಟರ್ ಇತ್ತು. ಕಾಗದ ಟೈಪು ಮಾಡಿದರೆ ಮಾಡಿಸಿಕೊಳ್ಳುತ್ತಿತ್ತು. ವಚನ ಹಾಕಿದರೆ ಹಾಡುತ್ತಿತ್ತು. ಆಟ ಶುರುಮಾಡಿದಿರೋ, ಗುರ್ ಅಂತ ಸದ್ದು ಮಾಡಿ, ಟಪ್ ಅಂತ ಆರಿಹೋಗುತ್ತಿತ್ತು!

ಬೇರೆ ದಿನವಾಗಿದ್ದರೆ ಆರಿದರೆ ಆರಲಿ ಅನ್ನಬಹುದಿತ್ತು. ಈಗ ಹಾಗನ್ನುವಂತಿರಲಿಲ್ಲ. ಕಾಲೇಜಿನ ಹಳೇ ವಿದ್ಯಾರ್ಥಿನಿಯರ ಸಂಘ ಕಂಪ್ಯೂಟರಿನಲ್ಲೇ ಚದುರಂಗದ ಪಂದ್ಯ ಇಟ್ಟಿತ್ತು. ಬರೀ ಮಣೆಯ ಚದುರಂಗವಲ್ಲ, ಕುದುರೆ ಕೆನೆಯುವ, ಆನೆ ಘೀಳಿಡುವ ಚದುರಂಗ. ಮೊದಲ ಸುತ್ತುಗಳನ್ನು ಸರ್ವಮಂಗಳಮ್ಮ ಪಕ್ಕದ ಮನೆ ಜಯಕ್ಕನ ಕಂಪ್ಯೂಟರಿನಲ್ಲಿ ಆಡಿ ಗೆದ್ದಿದ್ದರು. ಅದನ್ನೀಗ ಜಯಕ್ಕನ ಮಗಳು ಹಾಸ್ಟೆಲಿಗೆ ಒಯ್ದಿದ್ದಳು. ಬರುವ ಭಾನುವಾರ ಫೈನಲ್. ಎದುರಾಳಿ ತುಮಕೂರಿನ ಅನಸೂಯ. ಕಾಲೇಜಿನ ಕೊನೇ ವರ್ಷ ಇದೇ ಅನಸೂಯ ಇದೇ ಆಟದಲ್ಲಿ ಸರ್ವಮಂಗಳಮ್ಮನನ್ನು ಸೋಲಿಸಿದ್ದಳು. ಅಂದಿನಿಂದ ಯಾರ ಮದುವೆಯಲ್ಲಿ ಸಿಕ್ಕಿದರೂ, "ನಿನ್ನ ರಾಣಿ ಹುಷಾರು ಕಣೇ ಮಂಗಳಾ" ಅಂತ ಹತ್ತು ಜನರ ಮುಂದೆ ಕೆಣಕುತ್ತಿದ್ದಳು.

ಸಂಘದ ನಿಯಮ ಹೀಗಿತ್ತು: ಆಟದ ಮಧ್ಯೆ ಯಾರ ಕಂಪ್ಯೂಟರ್ ಕೆಡುತ್ತದೋ ಅವರು ಸೋತ ಹಾಗೆ. ಮನೆಗೆ ಕರೆಂಟೇ ಹೋದರೆ ಪಾಪ, ಅದು ಅವರ ತಪ್ಪಲ್ಲ, ಪಂದ್ಯ ಮೊದಲಿಂದ.

"ಭೃಂಗಿ, ಈ ಸಿಪಿಯು ಎತ್ತಿಕೊಂಡು ನಯಾಜನ ಅಂಗಡಿಗೆ ಹೋಗು. ರಿಪೇರಿ ಮಾಡಿಸಿಕೊಂಡು ಬಾ" ಅಂದರು ತಾಯಿ.

ಭೃಂಗಿ ಹೋದ. ನಯಾಜ ಕೇಳಿದ: "ಏನಾಗಿದೆ ಭೃಂಗಣ್ಣ?"

ಮನೆ ವಿಷಯ ಬೀದಿಯಲ್ಲಿ ಆಡಬೇಡ, ಕೇಳಿದವರಿಗೆಲ್ಲ ಚೆನ್ನಾಗಿದೆ ಅನ್ನು ಅಂತ ತಾಯಿ ಎಂದೋ ಹೇಳಿದ್ದರು.

"ಏನೂ ಆಗಿಲ್ಲ, ಎಲ್ಲ ಚೆನ್ನಾಗಿದೆ!" ಅಂದ ಭೃಂಗಿ.

ನಯಾಜ ಹಾಕಿ ನೋಡಿದ. ಕಾಗದ ಟೈಪಾಯಿತು, ವಚನ ಹಾಡಿತು. "ಹೌದಲ್ಲ, ಚೆನ್ನಾಗೇ ಇದೆ" ಅಂತ ವಾಪಸು ಕಳಿಸಿದ.

"ಅಯ್ಯೋ ಪೆದ್ದೇ! ಕಂಪ್ಯೂಟರ್ ಯಾಕೆ ನಿಂತಿತು ಅಂತ ಯಾರೇ ಕೇಳಲಿ, ನಡೆದದ್ದನ್ನ ನಡೆದ ಹಾಗೇ ಹೇಳಬೇಕು! ಒಂದಕ್ಷರ ಮುಚ್ಚಿಡಬಾರದು!"

"ಹೂಂ ಕಣಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಸರ್ವಮಂಗಳಮ್ಮ ತಾವೇ ಆಟ ಹಾಕಿ, ಸಿಪಿಯು ಮೇಲೆ ಅಂಗೈ ಇಟ್ಟು ಕೂತರು. ದೋಸೆ ಕಾವಲಿಯ ಹಾಗೆ ಕಾಯಿತು, ಟಪ್ ಅಂತ ಆರಿತು. ಸರಿ, ಆಟಕ್ಕೆ ದುಡಿತ ಜಾಸ್ತಿ, ದುಡಿದರೆ ಶಾಖ, ಶಾಖ ತಡೆಯದೆ ನಿಲ್ಲುತ್ತದೆ. ಫಿಸಿಕ್ಸ್ ಓದಿದವರಿಗೆ ಇಷ್ಟು ತಿಳಿಯದೇ? ಪ್ಲಗ್ಗು ಕಿತ್ತು, "ಇದನ್ನ ಸ್ವಲ್ಪ ತಣ್ಣಗಾಗೋ ಹಾಗೆ ಇಡೋ" ಅಂದು ಸ್ನಾನಕ್ಕೆ ಹೋದರು.

ಬೇಸಿಗೆಯಲ್ಲಿ ನೀರಿನ ಮಡಕೆ ಹೇಗೆ ತಣ್ಣಗಿರುತ್ತದೆ? ಭೃಂಗಿಗೆ ಗೊತ್ತಿಲ್ಲವೇ! ಗೋಣಿತಾಟು ನೆನೆಸಿ ಸಿಪಿಯುಗೆ ಸುತ್ತಿದ. ಕೆಳಗೆ ಮರಳು ಹಾಸಿ ಕೂರಿಸಿದ. ಮೇಲೊಂದು ತಟ್ಟೆ ಮುಚ್ಚಿ ಲೋಟ ಬೋರಲು ಹಾಕಿದ.

"ಏನೋ ಇದು! ಕಂಪ್ಯೂಟರ್ ಸಾಮಾನಿಗೆ ಪಸೆ ಆಗಬಾರದು ಕಣೋ! ಒದ್ದೆ ಕಂಡರೆ ತಕ್ಷಣ ಮಹಡಿ ಮೇಲೆ ಬಿಸಿಲಿಗೆ ಒಣಗಹಾಕಬೇಕು!"

"ಹೂಂ ಕಣಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಬಿಸಿಲು ಕಾಯಿಸಿದ ಮೇಲೆ ಸಿಪಿಯು ಹೇಗೋ ಬದುಕಿತು. ಸರ್ವಮಂಗಳಮ್ಮ ಬಿಚ್ಚಿ ನೋಡಿದರೆ ಒಳಗೆ ಕೈತುಂಬ ಧೂಳು. ಯಂತ್ರದ ತಲೆಗೂ ಅದರ ಮೇಲಿನ ಫ್ಯಾನಿಗೂ ನಡುವೆ ಹಚ್ಚುವ ಪೇಸ್ಟು ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಬ್ರಷ್ ಹಿಡಿದು ಧೂಳು ತೆಗೆದರು. "ನಯಾಜನ ಹತ್ತಿರ ಹೊಸ ಪೇಸ್ಟು ತಾ" ಅಂತ ಮಗನನ್ನು ಓಡಿಸಿದರು.

ಭೃಂಗಿ ತಂದ. ದಾರಿಯಲ್ಲಿ ಟ್ಯೂಬು ಒತ್ತಿ ನೋಡಿದ. ಮೆತ್ತಗೆ, ಒದ್ದೆ ಒದ್ದೆ! ಸೀದಾ ಮಹಡಿ ಹತ್ತಿದ. ಪ್ಲಾಸ್ಟಿಕ್ ಹಾಳೆ ಹಾಸಿ, ಸಂಡಿಗೆ ಇಡುವ ಹಾಗೆ ಸಾಲಾಗಿ ಚುಕ್ಕೆ ಚುಕ್ಕೆ ಇಟ್ಟ. ಕಾಗೆ ಬಾರದಿರಲಿ ಅಂತ ಕಪ್ಪು ಕೊಡೆ ಬಿಚ್ಚಿಟ್ಟು ಕಾವಲು ಕೂತ.

ಪಕ್ಕದ ಮಹಡಿಯಿಂದ ಜಯಕ್ಕ ಕೂಗಿದಳು: "ಏನೋ ಭೃಂಗಿ, ಬೂದಿ ಬಣ್ಣದ ಸಂಡಿಗೆ? ರಾಗೀದಾ?"

"ಅಲ್ಲಕ್ಕ, ಕಂಪ್ಯೂಟರಿಂದು."

"ಕರಿದಾಗ ನಮಗೂ ಎರಡು ಕೊಡೋ!"

ತಾಯಿ ಮೇಲೆ ಬಂದು ನೋಡುವಷ್ಟರಲ್ಲಿ ಸಂಡಿಗೆ ಕಟಕಟ ಒಣಗಿತ್ತು.

"ಅಯ್ಯೋ ನನ್ನ ಕರ್ಮವೇ! ಇದು ಒಣಗಲೇಬಾರದಿತ್ತು! ಗಾಳಿ ಸೋಕದ ಹಾಗೆ ಬಿಗಿಯಾಗಿ ಮುಚ್ಚಿಡಬೇಕಿತ್ತು!"

"ಹೂಂ ಕಣಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಮಾರನೆಯ ದಿನ ಬೇರೆ ಪೇಸ್ಟನ್ನು ತಾಯಿ ತಾವೇ ಹೋಗಿ ತಂದರು, ತಾವೇ ಹಚ್ಚಿದರು. ಹೊಸ ಫ್ಯಾನು ಕೂರಿಸಿ, ಅದರ ಡಬ್ಬದ ಮೇಲೆ ತಾರೀಕು ಬರೆದರು. ಆಮೇಲೆ ಕೈ ತೊಳೆಯಲು ಹಿತ್ತಲಿಗೆ ಹೋದರು. ಹೋದದ್ದೇ ತಪ್ಪಾಯಿತು. ಭೃಂಗಿ ಸಿಪಿಯು ನೋಡಿದ. ಮೈತುಂಬ ತೂತು! ಗಾಳಿ ನುಗ್ಗುತ್ತಿದೆ! ತೂತಿಗೆಲ್ಲ ಹತ್ತಿ ಗಿಡಿದ. ಮಾವಿನಕಾಯಿ ಉಪ್ಪಿನಕಾಯಿ ಭರಣಿಗೆ ಕಟ್ಟುವ ಹಾಗೆ ಹಿಂದಿನ ಮುಖಕ್ಕೆ ಬಟ್ಟೆ ಕಟ್ಟಿ, ದಾರ ಸುತ್ತಿ, ಗಂಟು ಹಾಕಿ, ಮೇಜಿನ ಕೆಳಗೆ ಕತ್ತಲಿಗೆ ತಳ್ಳಿದ.

ತಾಯಿ ಬಂದು ಕೂತು ಆಟ ಹಾಕಿದರು. ಕುದುರೆ ಒಂದು ಸಲ ಕೆನೆಯಿತು. ಎರಡನೇ ಸಲ ಕೆನೆಯಲಿಲ್ಲ. ಸುಟ್ಟ ವಾಸನೆ ಬಂತು. ಭೃಂಗಿ ಪಕ್ಕದಲ್ಲೇ ನಿಂತಿದ್ದ.

"ಬಿಸಿ ಆಗ್ತಿತ್ತು ಕಣಮ್ಮ. ನೀನು ಆಟದಲ್ಲಿದ್ದೆ. ಮುಗೀಲಿ, ಕೇಳೋಣ ಅಂತಿದ್ದೆ."

"ಕೇಳೋದೇನೋ, ಕೇಳೋದು! ಬಿಸಿ ಅನ್ನಿಸಿದ ಕೂಡಲೇ ಓಡಿಹೋಗಿ ಮೇನ್ ಸ್ವಿಚ್ ಆರಿಸು! ನನ್ನ ಕೇಳಬೇಡ, ಯಾರನ್ನೂ ಕೇಳಬೇಡ!"

"ಹೂಂ ಕಣಮ್ಮ, ಇನ್ಮೇಲೆ ಹಾಗೇ ಮಾಡ್ತೀನಿ."

ಹತ್ತಿ ಕಿತ್ತರು, ಬಟ್ಟೆ ಬಿಚ್ಚಿದರು. ದೇವರು ದೊಡ್ಡವನು, ಸುಟ್ಟದ್ದು ಹತ್ತಿ ಮಾತ್ರ. ಸಿಪಿಯುವನ್ನು ಮೇಜಿನ ಮೇಲೆ, ಕಿಟಕಿಯ ಪಕ್ಕ ಇಟ್ಟು ಆಟ ಹಾಕಿದರು. ಕುದುರೆ ಕೆನೆಯಿತು, ಆನೆ ಘೀಳಿಟ್ಟಿತು, ಆಟ ಕೊನೆತನಕ ಓಡಿತು. ಕೈಯಿಟ್ಟರೆ ಬೆಚ್ಚಗಿತ್ತು ಅಷ್ಟೇ.

ಭಾನುವಾರ ಬಂತು. ಸರ್ವಮಂಗಳಮ್ಮ ಇಳಕಲ್ ಸೀರೆಯುಟ್ಟು, ವಿಭೂತಿ ಹಚ್ಚಿ, ಕಂಪ್ಯೂಟರ್ ಮುಂದೆ ಕೂತರು. ಕಂಪ್ಯೂಟರ್ ಬಂಡೆಯ ಹಾಗೆ ನಿಂತಿತು. ಆದರೆ ಆಟ ನಿಲ್ಲಬೇಕಲ್ಲ! ಮೊದಲು ಒಂದು ಕುದುರೆ ಹೋಯಿತು. ಆಮೇಲೆ ಆನೆ. ಆಮೇಲೆ ನೋಡನೋಡುತ್ತ ರಾಣಿಯೇ ಹೋದಳು! ರಾಜ ಮೂಲೆ ಸೇರಿದ. ಅನಸೂಯಳ ಆನೆ ಒಂದು ಹೆಜ್ಜೆ ಇಟ್ಟರೆ ಮುಗಿಯಿತು.

ಆಗ ಒಳಗಿಂದ ಭೃಂಗಿ ಕಾಫಿ ತಂದ. ಸ್ಟೀಲ್ ಲೋಟ, ಆಗ ತಾನೇ ಇಳಿಸಿದ ಕಾಫಿ.

"ಅಬ್ಬ, ಬಿಸಿ!" ಅಂದ ಭೃಂಗಿ.

ಲೋಟ ನೆಲದ ಮೇಲಿಟ್ಟ. ನಡುಮನೆಗೆ ಓಡಿದ. ಯಾರನ್ನೂ ಕೇಳಲಿಲ್ಲ. ಮೇನ್ ಸ್ವಿಚ್ ಆರಿಸಿದ.

ಟಪ್! ದೀಪ ಹೋಯಿತು, ಫ್ಯಾನ್ ಹೋಯಿತು, ರಾಜ, ಆನೆ, ಅನಸೂಯ ಎಲ್ಲ ಹೋಯಿತು.

"ಎಲಾ ಮುಠ್ಠಾಳ..." ಅಂತ ಸರ್ವಮಂಗಳಮ್ಮ ಬಾಯಿ ತೆಗೆದರು. ತೆಗೆದ ಬಾಯಿ ಹಾಗೇ ನಿಂತಿತು. ಕರೆಂಟ್ ಹೋದರೆ ಪಂದ್ಯ ಮೊದಲಿಂದ! ಬಾಯಿ ಮುಚ್ಚಿದರು. ಮಗನನ್ನು ಅಡಿಯಿಂದ ಮುಡಿತನಕ ಹೊಸಬನನ್ನು ನೋಡುವ ಹಾಗೆ ನೋಡಿದರು.

"ಒಳ್ಳೇ ಕೆಲಸ ಮಾಡಿದೆ ಕಣೋ ಮಗನೇ" ಅಂದರು. ಹುಟ್ಟಿದಾಗಿನಿಂದ ಭೃಂಗಿ ಈ ಮಾತು ಕೇಳಿರಲಿಲ್ಲ. ಅವನ ಕಣ್ಣು ತುಂಬಿಬಂತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹತ್ತಿರವಿದ್ದ ಭೃಂಗಿಯೇ ಎತ್ತಿದ.

"ಯಾರು, ಭೃಂಗೀನಾ? ನಾನಪ್ಪ, ತುಮಕೂರಿನ ಅನಸೂಯ ಚಿಕ್ಕಮ್ಮ. ಯಾಕೋ ನಿಮ್ಮ ಕಂಪ್ಯೂಟರ್ ನಿಂತುಹೋಯಿತು? ಕರೆಂಟ್ ಹೋಯ್ತಾ?"

ಸರ್ವಮಂಗಳಮ್ಮ ಎದುರಿಗೆ ನಿಂತು, ಹೂಂ ಅನ್ನು, ಹೂಂ ಅನ್ನು ಅಂತ ತಲೆ ಕುಣಿಸಿದರು.

ಕಂಪ್ಯೂಟರ್ ಯಾಕೆ ನಿಂತಿತು ಅಂತ ಯಾರೇ ಕೇಳಲಿ. ಭೃಂಗಿಗೆ ಚೆನ್ನಾಗಿ ನೆನಪಿತ್ತು.

"ಇಲ್ಲ ಚಿಕ್ಕಮ್ಮ, ಕರೆಂಟ್ ಹೋಗಿಲ್ಲ. ಅಮ್ಮನ ರಾಣಿ ಹೋಯ್ತು. ರಾಜ ಮೂಲೇಲಿ ಕೂತಿದ್ದ. ಆಗ ಕಾಫಿ ಬಿಸಿ ಇತ್ತು, ನಾನು ಮೇನ್ ಆರಿಸಿದೆ. ಅಮ್ಮ ಬೈಯೋಕೆ ಬಾಯಿ ತೆಗೆದಳು, ಆಮೇಲೆ ಒಳ್ಳೇ ಕೆಲಸ ಮಾಡಿದೆ ಮಗನೇ ಅಂದ್ಲು. ಈಗ ನಿಮಗೆ ಹೂಂ ಅನ್ನು ಅಂತ ತಲೆ ಆಡಿಸ್ತಿದಾಳೆ. ಈಗ ನಿಲ್ಲಿಸಿದ್ಲು. ಈಗ ಹಣೆ ಚಚ್ಚಿಕೊಳ್ತಿದಾಳೆ."

ಆಮೇಲೆ ಫೋನನ್ನು ತಾಯಿಯ ಕಡೆ ಚಾಚಿದ.

"ತಗೋಮ್ಮ, ಚಿಕ್ಕಮ್ಮ ಬಿದ್ದು ಬಿದ್ದು ನಗ್ತಿದಾರೆ. ಒಂದಕ್ಷರಾನೂ ಮುಚ್ಚಿಟ್ಟಿಲ್ಲ ಕಣಮ್ಮ!"