ದೊರೆಯನ್ನು ಕಚ್ಚಿದ ಫೋನು

"ಕೇಳ್ರಪ್ಪೋ ಕೇಳಿ! ತೊರೆಗಲ್ಲಿನ ದೊರೆ ಹಿರಿಯಣ್ಣ ನಾಯಕರ ಫೋನು, ಚಾರ್ಜಿಗೆ ಹಾಕಿದಾಗ ಅವರನ್ನು ಕಚ್ಚುತ್ತಿದೆ. ಅದಕ್ಕೆ ಮಾಟ ಮಾಡಿಸಿದಳೆಂದು ದಾಸಿ ದ್ಯಾವಮ್ಮನನ್ನು ಸೆರೆಯಲ್ಲಿಟ್ಟಿದೆ. ದೊರೆಯ ಮೂರು ಒಗಟು ಬಿಡಿಸಿದವರಿಗೆ ರಾಜಕುಮಾರಿ ನೀಲಾಂಬೆ. ತಪ್ಪಿದವರಿಗೆ ಸೋಮವಾರ ದ್ಯಾವಮ್ಮನ ಜೊತೆಗೇ ನೇಣು!"

ಡಂಗುರ ಹೀಗಿತ್ತು. ದ್ಯಾವಮ್ಮನ ಮೇಲಿದ್ದ ಸಾಕ್ಷ್ಯ ಇಷ್ಟೇ: ದಿನಾ ಬೆಳಿಗ್ಗೆ ಫೋನನ್ನು ಚಾರ್ಜಿಗೆ ಹಾಕುತ್ತಿದ್ದವಳು ಅವಳು. ತೊರೆಗಲ್ಲಿನಲ್ಲಿ ಅದಕ್ಕಿಂತ ಹೆಚ್ಚಿನ ಸಾಕ್ಷ್ಯ ಕೇಳುವ ಪದ್ಧತಿ ಇರಲಿಲ್ಲ.

ದೊರೆ ಯಾರನ್ನೂ ನಂಬುತ್ತಿರಲಿಲ್ಲ. ಅರಮನೆಗೆ ಬರುವ ಪ್ರತಿಯೊಂದನ್ನೂ ಹೆಬ್ಬಾಗಿಲಲ್ಲಿ ಬಿಚ್ಚಿ ನೋಡಬೇಕೆಂದು ಆಜ್ಞೆಯಾಗಿತ್ತು. ಹಲಸಿನಹಣ್ಣು, ದಿಂಬು, ಕೊನೆಗೆ ಮಲ್ಲಿಗೆಯ ಮೊಗ್ಗು ಕೂಡ. ಸ್ನಾನವಾದೊಡನೆ ಅವನು ಮೈ ಒರೆಸಿಕೊಳ್ಳುವಷ್ಟೂ ತಾಳದೆ, ಒದ್ದೆ ಪಂಚೆಯಲ್ಲೇ, ಬರಿಗಾಲಲ್ಲೇ ಬಂದು ಫೋನೆತ್ತುತ್ತಿದ್ದ. ರಾತ್ರಿ ಯಾರು ಏನು ಸಂಚು ಮಾಡಿದರೆಂದು ತಿಳಿಯಬೇಕಲ್ಲ. ಆಗಲೇ ಅದು ಕಚ್ಚುತ್ತಿದ್ದದ್ದು. ಮಂತ್ರಿ ತಿಪ್ಪರಸ ಮುಟ್ಟಿದರೆ ಏನೂ ಆಗಲಿಲ್ಲ. ದೊರೆಗೆ ಅಂದಿನಿಂದ ಮಂತ್ರಿಯ ಮೇಲೂ ಗುಮಾನಿ.

ಮೊದಲು ಬಂದ ರಾಜಕುಮಾರನಿಗೆ ದೊರೆ ಕೇಳಿದ: "ಕಟ್ಟಿದರೆ ಕಚ್ಚುತ್ತದೆ, ಬಿಚ್ಚಿದರೆ ಮಲಗುತ್ತದೆ. ಅದರ ಹಲ್ಲು ಎಲ್ಲಿದೆ?"

"ಶತ್ರುಗಳು ಕಳಿಸಿದ ಸಂದೇಶದಲ್ಲಿ, ಪ್ರಭು."

ಸಂದೇಶಗಳನ್ನೆಲ್ಲ ಅಳಿಸಿದರು. ಮರುದಿನವೂ ಕಚ್ಚಿತು. ರಾಜಕುಮಾರ ಸೆರೆಗೆ ಹೋದ.

ಎರಡನೆಯವನು ಹಲ್ಲು ಗೋಡೆಯಲ್ಲಿದೆ ಎಂದು ಊಹಿಸಿ ಮೊದಲ ಒಗಟನ್ನು ದಾಟಿದ. "ಹಾಗಾದರೆ ನನ್ನನ್ನು ಕಚ್ಚಿ ಮಂತ್ರಿಯನ್ನು ಏಕೆ ಬಿಡುತ್ತದೆ?" ಎಂದ ದೊರೆ.

"ತಮ್ಮ ರಾಜತೇಜಸ್ಸು, ಮಹಾಪ್ರಭು! ಅದು ಸಾಮಾನ್ಯರನ್ನು ಲೆಕ್ಕಕ್ಕಿಡುವುದಿಲ್ಲ."

ದೊರೆ ಸಂತೋಷಪಟ್ಟ. ಆಮೇಲೆ ಇವನೇಕೆ ಹೊಗಳುತ್ತಿದ್ದಾನೆಂದು ಯೋಚಿಸಿದ. ಇವನೂ ಸೆರೆಗೆ ಹೋದ.

ಭಾನುವಾರ ದ್ಯಾವಮ್ಮನ ಮಗಳ ಮಗ ಕೊಟ್ರ ಬಂದ. ಕುರಿ ಕಾಯುವವನು. ಹೆಬ್ಬಾಗಿಲಲ್ಲಿ ಕಾವಲುಗಾರ ಅವನ ಬುತ್ತಿ ಬಿಚ್ಚಿ ಜೋಳದ ರೊಟ್ಟಿಗಳನ್ನು ಒಂದೊಂದಾಗಿ ಎರಡು ಮಾಡಿದ. ಚಪ್ಪಲಿಯ ಅಟ್ಟೆಯನ್ನೂ ಸೀಳಿದ.

"ಅದರೊಳಗೇನು ಇರುತ್ತಣ್ಣಾ?"

"ಏನೂ ಇಲ್ಲ ಅಂತ ನೋಡಬೇಕಲ್ಲಪ್ಪಾ."

ಸೀಳಿದ ಚಪ್ಪಲಿ ಕಾಲಲ್ಲಿ ನಿಲ್ಲಲಿಲ್ಲ. ಕೊಟ್ರ ಬರಿಗಾಲಲ್ಲಿ ಸಭೆಗೆ ಹೋದ. ಆಗಷ್ಟೇ ತೊಳೆದ ಕಲ್ಲಿನ ನೆಲ ಇನ್ನೂ ಆರಿರಲಿಲ್ಲ.

"ನಿನಗೂ ರಾಜಕುಮಾರಿ ಬೇಕೇನೋ?" ಎಂದ ದೊರೆ.

"ಅಜ್ಜಿ ಬೇಕು, ದೊರೆ."

"ನೆಂಟಸ್ತಿಕೆ ಬೇರೆ! ಉತ್ತರ ಗೊತ್ತಿದ್ದರೆ ಮಾಟದಲ್ಲಿ ನೀನೂ ಪಾಲುದಾರ."

"ಗೊತ್ತಿಲ್ಲ. ಮುಟ್ಟಿ ನೋಡಲಾ?"

ಚಾರ್ಜಿನಲ್ಲಿದ್ದ ಫೋನಿನ ಅಂಚಿಗೆ ಬೆರಳು ತಾಗಿಸಿದವನೇ "ಅಯ್ಯಪ್ಪಾ!" ಎಂದು ಹಾರಿದ. ಸಭೆ ಎದ್ದು ನಿಂತಿತು. ದೊರೆಯನ್ನು ಬಿಟ್ಟು ಬೇರೊಬ್ಬನನ್ನೂ ಅದು ಕಚ್ಚಿತ್ತು! ದೊರೆಗೆ ಒಳಗೊಳಗೇ ಬೇಸರವಾಯಿತು. ಶತ್ರುಗಳು ತನಗಾಗಿಯೇ ಮಾಡಿಸಿದ ಮಾಟ ಎಂಬ ಸಣ್ಣ ಹೆಮ್ಮೆಯಿತ್ತು.

ಕೊಟ್ರ ಸ್ವಿಚ್ಚು ಆರಿಸಿ ಮತ್ತೆ ಮುಟ್ಟಿದ. ಏನಿಲ್ಲ. "ಹಲ್ಲು ಫೋನಿನದಲ್ಲ, ಗೋಡೆಯೊಳಗಿನ ಕರೆಂಟಿನದು. ಇನ್ನು ಎರಡನೆಯದಕ್ಕೆ, ಮಂತ್ರಿಗಳು ಚಪ್ಪಲಿ ಬಿಟ್ಟು ಮುಟ್ಟಲಿ."

"ನಮಗೆ ವಾತ. ತಣ್ಣನೆ ನೆಲ ಆಗಿಬರೋದಿಲ್ಲ," ಎಂದ ತಿಪ್ಪರಸ.

"ಚಪ್ಪಲಿ ಬಿಡಿ, ಮಂತ್ರಿಗಳೇ," ಎಂದ ದೊರೆ.

ಸ್ವಿಚ್ಚು ಹಾಕಿದರು. ಮಂತ್ರಿ ಮುಟ್ಟಿದ. ಅವನ ಬಾಯಿಂದ ಹೊರಟ ಮಾತು ರಾಜಸಭೆಗೆ ತಕ್ಕದ್ದಾಗಿರಲಿಲ್ಲ. ದೊರೆ ಬಹಳ ದಿನಗಳ ಮೇಲೆ ನಕ್ಕ.

"ಒದ್ದೆ ಪಂಚೇಲಿ ಬರಿಗಾಲಲ್ಲಿ ನಿಲ್ಲೋರು ನೀವು, ಅಜ್ಜಿ ಹೇಳಿದ್ದಳು," ಎಂದ ಕೊಟ್ರ. "ಚಪ್ಪಲಿ ಮೆಟ್ಟಿ ಮುಟ್ಟೋರು ಅವರು. ಕರೆಂಟಿಗೆ ನೆಲ ಸೇರಬೇಕು. ಒದ್ದೆ ಕಾಲಿದ್ದರೆ ಅದೇ ದಾರಿ. ಪಂಪಿನ ಮನೆಗೆ ಬರಿಗಾಲಲ್ಲಿ ಹೋಗಬೇಡ ಅಂತ ನಮ್ಮೂರಲ್ಲಿ ಮಕ್ಕಳಿಗೂ ಹೇಳ್ತಾರೆ."

ದೊರೆಯ ನಗು ನಿಂತಿತು. "ಮೂರನೆಯದು. ಅದಕ್ಕೆ ಕಚ್ಚಲು ಕಲಿಸಿದವರು ಯಾರು?"

ಎಲ್ಲರೂ ಕಾದಿದ್ದು ಈ ಪ್ರಶ್ನೆಗೇ. ಯಾರ ಹೆಸರು ಬಂದರೂ ಒಬ್ಬ ಸಾಯುತ್ತಿದ್ದ. ತಿಪ್ಪರಸ ತನ್ನ ಚಪ್ಪಲಿಯನ್ನು ಹುಡುಕುವವನಂತೆ ತಲೆ ತಗ್ಗಿಸಿದ.

ಕೊಟ್ರ ಚಾರ್ಜರನ್ನು ಗೋಡೆಯಿಂದ ಕಿತ್ತು ತಿರುಗಿಸಿ ನೋಡಿದ. ಅದರ ನಡುವೆ ಸೊಟ್ಟನೆಯ ಬಿರುಕು, ಬಿರುಕಿನಲ್ಲಿ ಒಣಗಿದ ಅನ್ನದ ಅಂಟು. ಅವನು ಬುತ್ತಿಯಿಂದ ಮುರಿದ ರೊಟ್ಟಿ ತೆಗೆದು ಎರಡು ಹೋಳನ್ನೂ ಸೇರಿಸಿ ಹಿಡಿದ.

"ಹೀಗೆ ಹಿಡಿದರೆ ಇಡೀ ರೊಟ್ಟಿ ಥರ ಕಾಣುತ್ತೆ. ಇಡೀ ರೊಟ್ಟಿ ಅಲ್ಲ. ಕಲಿಸಿದೋರು ನೀವೇ, ದೊರೆ."

ದೊರೆ ಕಾವಲುಗಾರನನ್ನು ಕರೆಸಿದ.

"ಇದನ್ನು ಬಿಚ್ಚಿದೆಯಾ?"

"ಅಪ್ಪಣೆ ಇತ್ತಲ್ಲ, ಪ್ರಭು. ಮಚ್ಚಿನಿಂದ ಬಿಚ್ಚಿದೆ. ಒಳಗೆ ಏನೇನೋ ಸಣ್ಣಸಣ್ಣವು. ಒಂದೆರಡು ಉದುರಿದವು. ಉಳಿದದ್ದನ್ನು ತುರುಕಿ ಅಂಟಿಸಿ ಕಳಿಸಿದೆ."

"ಉದುರಿದ್ದು?"

"ಗುಡಿಸಿಬಿಟ್ಟೆ."

ಹೊಸ ಚಾರ್ಜರು ತರಿಸಿದರು. ಆ ಹೆಬ್ಬಾಗಿಲನ್ನು ಇಡಿಯಾಗಿ ದಾಟಿದ ಮೊದಲ ವಸ್ತು ಅದು. ದೊರೆ ಅದನ್ನು ಬಹಳ ಹೊತ್ತು ದಿಟ್ಟಿಸಿದ. "ಒಳಗೇನಿದೆಯೋ ಯಾರಿಗೆ ಗೊತ್ತು? ನೀನೇ ಮೊದಲು ಮುಟ್ಟು. ಕಚ್ಚಿದರೆ ನಾಳೆ ಅಜ್ಜಿ, ಮೊಮ್ಮಗ ಇಬ್ಬರೂ."

ಕೊಟ್ರ ಒದ್ದೆ ನೆಲದ ಮೇಲೆ ನಿಂತು ಫೋನಿನ ಮೇಲೆ ಅಂಗೈಯಿಟ್ಟ. ಕೈ ತೆಗೆಯಲಿಲ್ಲ. ದೊರೆ ಸಿಂಹಾಸನದಿಂದಿಳಿದು, ಪಾದರಕ್ಷೆ ಕಳಚಿ, ಕಿರುಬೆರಳು ಚಾಚಿದ. ಮುಟ್ಟಿದ. ಕಚ್ಚಲಿಲ್ಲ. ಮತ್ತೆ ಮುಟ್ಟಿದ.

"ಮೈ ಒರೆಸಿಕೊಂಡು, ವೈರು ಕಿತ್ತು ಫೋನು ನೋಡಿದರೆ ಇನ್ನೂ ವಾಸಿ," ಎಂದ ಕೊಟ್ರ. "ಸಂಚು ಎಲ್ಲಿಗೂ ಹೋಗೋದಿಲ್ಲ."

ದ್ಯಾವಮ್ಮನನ್ನು ಬಿಟ್ಟರು. ರಾಜಕುಮಾರರನ್ನೂ ಬಿಟ್ಟರು, ಅವರು ಊಟಕ್ಕೂ ನಿಲ್ಲಲಿಲ್ಲ. ದ್ಯಾವಮ್ಮ ಮೊಮ್ಮಗನನ್ನು ಕಂಡೊಡನೆ ಬೈದಳು: "ಲೋ ಮುಂಡೇದೇ, ಕುರೀನ ಯಾರ ಹತ್ರ ಬಿಟ್ಟು ಬಂದ್ಯೋ?"

ಇನ್ನು ಉಳಿದದ್ದು ನೀಲಾಂಬೆ. ಅವಳನ್ನು ಒಂದು ಮಾತೂ ಕೇಳದೆ ಡಂಗುರ ಹೊಡೆಸಿದ್ದರು. ಕೊಟ್ರ "ಅವರು ಒಪ್ಪಿದರೆ ಮಾತ್ರ," ಎಂದ.

ಪರದೆಯ ಹಿಂದಿನಿಂದ ಅವಳು ಕೇಳಿದಳು: "ಅಪ್ಪಾಜಿ, ಇವರನ್ನು ಹೆಬ್ಬಾಗಿಲಲ್ಲಿ ಬಿಚ್ಚಿ ನೋಡಿದ್ರಾ?"

"ಬುತ್ತಿ, ಚಪ್ಪಲಿ ಮಾತ್ರ, ತಾಯಿ," ಎಂದ ಕಾವಲುಗಾರ.

"ಸದ್ಯ. ಹಾಗಾದರೆ ಒಪ್ಪಿಗೆ."

ಮದುವೆ ನಡೆಯಿತು. ಕೊಟ್ರನಿಗೆ ಅರ್ಧ ರಾಜ್ಯವೂ ಹೊಸ ಜೋಡು ಚಪ್ಪಲಿಯೂ ಬಂದವು. ಪಂಕ್ತಿಯಲ್ಲಿ ಕೂತ ದ್ಯಾವಮ್ಮ ಎಲೆಯ ಮೇಲೆ ಬಿದ್ದ ಲಾಡನ್ನು ನೋಡಿದಳು. ಅದು ಎರಡು ಹೋಳಾಗಿತ್ತು. ಎಲ್ಲರ ಎಲೆಯಲ್ಲೂ ಹಾಗೆಯೇ. ದೊರೆ ಆಜ್ಞೆಯನ್ನು ತಿದ್ದಿದ್ದು ನಿಜ; ಚಾರ್ಜರಿನ ಮಟ್ಟಿಗೆ ಮಾತ್ರ.