ಬರೆಯಲು ಯಾರ ಕೈ?

ನಮ್ಮ ಹೈಸ್ಕೂಲಿಗೆ ತಪಾಸಣೆಗೆಂದು ಸಾಹೇಬರೊಬ್ಬರು ಬಂದರು. ಹತ್ತನೇ ತರಗತಿಯ ದಾಕ್ಷಾಯಿಣಿಗೆ ಕೈನಡುಕ, ಪೆನ್ನು ನಿಲ್ಲದು. ಬಾಯಿಬಿಟ್ಟರೆ ಮಾತ್ರ ಉತ್ತರಗಳು ಪಟಪಟ ಉದುರುತ್ತಿದ್ದವು. ಪರೀಕ್ಷೆಯಲ್ಲಿ ಅವಳು ಹೇಳಿದ್ದನ್ನು ಬರೆಯಲು ಒಬ್ಬರನ್ನು ಕೊಡಿ ಎಂದು ಹೆಡ್‌ಮಾಸ್ತರು ಅರ್ಜಿ ಮುಂದಿಟ್ಟರು.

ಸಾಹೇಬರು ಅದನ್ನು ಪಕ್ಕಕ್ಕೆ ತಳ್ಳಿದರು. "ಇನ್ನೊಬ್ಬರ ಕೈಲಿ ಬರೆಸಿದರೆ ಅದು ಅವಳ ಉತ್ತರ ಹೇಗಾಗುತ್ತೆ ರೀ?"

ಊಟವಾಯಿತು. ಸಾಹೇಬರು ಕುರ್ಚಿಗೆ ಒರಗಿ, ಎಲೆ ಅಡಿಕೆ ಮೆಲ್ಲುತ್ತ, ಆ ಮಾತು ಕೇಳಿಸಿಕೊಂಡಿದ್ದ ಶಾಲೆಯ ಗುಮಾಸ್ತನನ್ನು ಕರೆದರು. "ತಪಾಸಣೆ ಪುಸ್ತಕ ತಗೊಳ್ಳಯ್ಯ. ನಾನು ಹೇಳ್ತೀನಿ, ನೀನು ಬರಿ."

ಗುಮಾಸ್ತ ಪುಸ್ತಕ ಬಿಡಿಸಿ ಪೆನ್ನು ಹಿಡಿದು ಕೇಳಿದ. "ನಾನು ಬರೆದರೆ ಅದು ತಮ್ಮ ಅಭಿಪ್ರಾಯ ಹೇಗಾಗುತ್ತೆ ಸಾರ್?"

"ದಡ್ಡ! ಹೇಳೋದು ನಾನು, ತಲೆ ನನ್ನದು. ಬರೆಯೋಕೆ ಯಾರ ಕೈಯಾದರೇನು?"

ಗುಮಾಸ್ತ ಸರಸರ ಬರೆದು ಪುಸ್ತಕ ಮುಂದಿಟ್ಟ. ಸಾಹೇಬರು ಓದಿದರು: "ದಾಕ್ಷಾಯಿಣಿಯ ಅರ್ಜಿಯ ಬಗ್ಗೆ: ಹೇಳುವವರ ತಲೆ ಮುಖ್ಯ. ಬರೆಯಲು ಯಾರ ಕೈಯಾದರೇನು?"

ಹೆಡ್‌ಮಾಸ್ತರು ಕಿಟಕಿಯ ಕಡೆ ತಿರುಗಿ ಕೆಮ್ಮಿದರು.

"ಇದನ್ನ ನಾನು ಹೇಳಿದೆನೇನಯ್ಯ?"

"ಕೈ ಮಾತ್ರ ನನ್ನದು ಸಾರ್. ಮಾತು ತಮ್ಮದೇ."

ಸಾಹೇಬರಿಗೆ ನಗು ತಡೆಯಲಾಗಲಿಲ್ಲ. "ಪೆನ್ನು ಕೊಡು ಮಾರಾಯ, ಸಹಿ ನಾನೇ ಹಾಕ್ತೀನಿ. ಅದನ್ನೂ ನಿನ್ನ ಕೈಗೆ ಬಿಟ್ಟರೆ ನಾನು ಕೆಟ್ಟೆ!"