ಹಿಮ್ಮಡಿ ಸವೆಸಿದ ಕಂಬಳಿ

ಕಾಲು ಅಲ್ಲಾಡಿಸಿದರೆ ಮನೆಗೆ ದರಿದ್ರವೆಂದು ಎಲ್ಲರೂ ಬೈಯುತ್ತಿದ್ದರು. ಅದಕ್ಕೇ ಮುದಿ ಕಂಬಳಿ ಮೊದಲು ತಾಯಿಯ, ಆಮೇಲೆ ಮಗಳು ನೀಲವ್ವನ ಚಡಪಡಿಸುವ ಕಾಲುಗಳನ್ನು ಮುಚ್ಚಿಕೊಂಡೇ ಬಂದಿತ್ತು. ಒಂದು ಸಂಜೆ, ನೀಲವ್ವನ ಕಾಲಿಗೆ ಬೆಳಕಿನ ಚಿಕಿತ್ಸೆ ಕೊಡಲು ಡಾಕ್ಟರು ಹೇಳಿದ ಕೆಂಪು ದೀಪ ಮನೆಗೆ ಬಂತು.

“ಅಜ್ಜೀ, ಸ್ವಲ್ಪ ಆಚೆ ಸರಿ,” ಎಂದಿತು ದೀಪ ಕಂಬಳಿಗೆ.

“ಸರಿಯಲಾರೆ. ನಾಲ್ಕು ಜನ ಕಂಡರೆ ಇವಳ ಮಾನ ಹೋದೀತು.”

“ಇದೊಂದು ಕಾಯಿಲೆ, ಅಜ್ಜಿ. ಮುಚ್ಚಿಟ್ಟ ಕಾಲಿಗೆ ನನ್ನ ಬೆಳಕು ತಲುಪುವುದು ಹೇಗೆ?”

ಕಂಬಳಿ ಒಲ್ಲದ ಮನಸ್ಸಿನಿಂದ ಜಾರಿತು. ದಿನವೂ ಬೆಳಕು ಬಿದ್ದು, ಕೆಲವು ವಾರಗಳಲ್ಲಿ ಕಾಲುಗಳು ಸುಮ್ಮನಾದವು.

ನೀಲವ್ವ ಹಿಗ್ಗಲಿಲ್ಲ. “ಅವ್ವ ಸಾಯುವ ತನಕ ಬೈಸಿಕೊಂಡಳಲ್ಲ,” ಎನ್ನುತ್ತಾ, ತಾಯಿಯ ಹಿಮ್ಮಡಿ ತಿಕ್ಕಿ ತಿಕ್ಕಿ ತೂತಾಗಿದ್ದ ಕಂಬಳಿಯ ಅಂಚನ್ನು ದೀಪದ ಮುಂದೆ ಹಿಡಿದಳು. ಬೆಳಕು ಆ ತೂತಿನ ಮೂಲಕ ಹಾದು, ಅವ್ವನ ಕಾಲಿಲ್ಲದ ಬರೀ ನೆಲದ ಮೇಲೆ ಬಿತ್ತು.